ಆನ್‌ಲೈನ್‌ನಲ್ಲಿ ಮಾಲು ಮಾರಲು ಯಾವ ಯಾವ ಕಾಗದ ಬೇಕು? ದಾವಣಗೆರೆ, ಚಿತ್ರದುರ್ಗದ ಮಾರಾಟಗಾರರಿಗೆ ಸಮಗ್ರ ಮಾರ್ಗದರ್ಶಿ

ಆನ್‌ಲೈನ್‌ನಲ್ಲಿ ಮಾರಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ ಮಾತು: "ಲೈಸೆನ್ಸ್ ಏನೇನು ಬೇಕು?" ಸೈಬರ್ ಸೆಂಟರ್‌ನವರು ಒಂದು ಪಟ್ಟಿ ಹೇಳುತ್ತಾರೆ, ಪರಿಚಯದ ಅಕೌಂಟೆಂಟ್ ಇನ್ನೊಂದು ಹೇಳುತ್ತಾರೆ, ಯೂಟ್ಯೂಬ್‌ನಲ್ಲಿ ಮೂರನೆಯದು ಸಿಗುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಎಲ್ಲರಿಗೂ ಹೊಂದುವ ಒಂದೇ ಪಟ್ಟಿ ಅಂತ ಇಲ್ಲ, ಅಷ್ಟೇ. ದಾವಣಗೆರೆ ಮಂಡಕ್ಕಿ ಪ್ಯಾಕ್ ಮಾಡಿ ಮಾರುವವರಿಗೆ ಬೇಕಾದ ಕಾಗದಗಳೇ ಬೇರೆ, ಮೊಳಕಾಲ್ಮೂರು ಸೀರೆ ಮಾರುವವರಿಗೆ ಬೇಕಾದದ್ದೇ ಬೇರೆ. ಚಳ್ಳಕೆರೆಯ ಕಂಬಳಿಗೆ ಬೇಡದ ನಂಬರ್ ಅದೇ ಚಳ್ಳಕೆರೆಯ ಶೇಂಗಾ ಎಣ್ಣೆಗೆ ಬೇಕೇ ಬೇಕು.

ಹಾಗಾಗಿ ಯಾವ ಅರ್ಜಿಗೂ ಕೈ ಹಾಕುವ ಮೊದಲು ಎರಡು ವಿಷಯ ತೀರ್ಮಾನ ಮಾಡಿಕೊಳ್ಳಿ. ಏನು ಮಾರುತ್ತೀರಿ? ಎಲ್ಲಿಯವರೆಗೆ ಕಳಿಸುತ್ತೀರಿ? ಮುಂದಿನದ್ದೆಲ್ಲ ಇವೆರಡರ ಮೇಲೇ ನಿಂತಿದೆ.

ಮೊದಲನೇ ಕೆಲಸ: ಹೆಸರು, ವಿಳಾಸ ಸರಿ ಮಾಡಿಕೊಳ್ಳಿ

ಇದು ಲೈಸೆನ್ಸ್ ಅಲ್ಲ. ಆದರೆ ಅರ್ಜಿಗಳು ವಾಪಸ್ ಬರುವುದು ಜಾಸ್ತಿ ಇಲ್ಲೇ. ನಮ್ಮ ಕಡೆ ಇನಿಷಿಯಲ್‌ನದ್ದೇ ದೊಡ್ಡ ಗೋಳು. ಆಧಾರ್‌ನಲ್ಲಿ "ಮಂಜುನಾಥ ಕೆ", ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿಸಿ ಇನ್ನೊಂದು ರೀತಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೂರನೇ ರೀತಿ. ಮನುಷ್ಯರಿಗೆ ಇದು ಅರ್ಥವಾಗುತ್ತದೆ, ಪೋರ್ಟಲ್‌ಗೆ ಆಗುವುದಿಲ್ಲ. ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ತರಹ ಇರುವಂತೆ ಮೊದಲೇ ತಿದ್ದಿಸಿಕೊಳ್ಳಿ. ಆಧಾರ್‌ಗೆ ಈಗ ನೀವು ಬಳಸುತ್ತಿರುವ ಮೊಬೈಲ್ ನಂಬರ್ ಸೇರಿರಲಿ. ಒಟಿಪಿ ಬರುವುದು ಅದಕ್ಕೇ.

ವಿಳಾಸದ ಕಥೆ ಇನ್ನೊಂದು. ಮನೆಯಿಂದಲೇ ವ್ಯಾಪಾರ ಮಾಡಬಹುದು, ಅಂಗಡಿ ಇರಲೇಬೇಕು ಅಂತಿಲ್ಲ. ಆದರೆ ಜಾಗಕ್ಕೆ ದಾಖಲೆ ಬೇಕು. ಸ್ವಂತದ್ದಾದರೆ ಬೆಸ್ಕಾಂ ಬಿಲ್ ಅಥವಾ ಕಂದಾಯ ಕಟ್ಟಿದ ರಸೀದಿ ನಡೆಯುತ್ತದೆ. ಬಾಡಿಗೆಯಾದರೆ ಕರಾರು ಪತ್ರ ಬೇಕು. ಬಿಲ್ ಅಪ್ಪನ ಹೆಸರಿನಲ್ಲೋ ಅಮ್ಮನ ಹೆಸರಿನಲ್ಲೋ ಇದ್ದರೆ, "ಈ ಜಾಗದಲ್ಲಿ ಮಗ ವ್ಯಾಪಾರ ಮಾಡಲು ನನ್ನ ಒಪ್ಪಿಗೆ ಇದೆ" ಅಂತ ಅವರಿಂದ ಒಪ್ಪಿಗೆ ಪತ್ರ ಬರೆಸಿ, ಬಿಲ್ ಜೊತೆ ಲಗತ್ತಿಸಿ. ಬಿಲ್ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಕಮ್ಮಿ ಇಲ್ಲ. ಅಂಥವರು ಮೊದಲು ಬಿಲ್ ಹೆಸರು ಬದಲಾಯಿಸುವುದೇ ಒಳ್ಳೆಯದು, ಯಾಕೆಂದರೆ ಒಪ್ಪಿಗೆ ಕೊಡಬೇಕಾದವರೇ ಇಲ್ಲವಲ್ಲ.

ವಿಳಾಸವನ್ನು ಒಂದು ಸಲ ಬರೆದಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಹಾಕಿ. ಒಂದು ಅರ್ಜಿಯಲ್ಲಿ "ಎಂಸಿಸಿ ಬಿ ಬ್ಲಾಕ್, 3ನೇ ಕ್ರಾಸ್", ಇನ್ನೊಂದರಲ್ಲಿ ಬರೀ ದೇವಸ್ಥಾನದ ಗುರುತು ಬರೆದರೆ, ಎರಡೂ ಒಂದೇ ಮನೆ ಅಂತ ತೋರಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಎರಡನೇ ಕೆಲಸ: ಜಿಎಸ್‌ಟಿ ಬೇಕೋ ಬೇಡವೋ

"ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ಬೇಡ ಅಲ್ವಾ?" ಅಂತ ತುಂಬ ಜನ ಕೇಳುತ್ತಾರೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಆ ಮಿತಿ ಇರುವುದು ನಿಜ. ಆದರೆ ಅದು ಅಂಗಡಿಯಲ್ಲಿ ಕೂತು ಮಾರುವವರ ಲೆಕ್ಕ. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ, ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ.

ಇದಕ್ಕೆ 2023ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಬಂತು. ವಹಿವಾಟು ಆ ಮಿತಿಯ ಒಳಗಿದ್ದು, ಮಾಲನ್ನು ರಾಜ್ಯದ ಒಳಗೆ ಮಾತ್ರ ಮಾರುವುದಾದರೆ ಪೂರ್ತಿ ಜಿಎಸ್‌ಟಿ ನೋಂದಣಿ ಬೇಡ. ಅದರ ಬದಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಮತ್ತು ವ್ಯಾಪಾರದ ವಿಳಾಸ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಅದನ್ನು ಒಂದೇ ರಾಜ್ಯದಲ್ಲಿ ಪಡೆಯಬಹುದು. ಮೀಶೋದಂಥ ಕಡೆ ಈ ನಂಬರ್ ಹಿಡಿದುಕೊಂಡು ಶುರು ಮಾಡಬಹುದು. ಹಾವೇರಿಗೂ ಬಳ್ಳಾರಿಗೂ ಬೆಂಗಳೂರಿಗೂ ಕಳಿಸಬಹುದು. ಆದರೆ ಮೊಳಕಾಲ್ಮೂರಿನಿಂದ ಕೂಗಳತೆಯಲ್ಲಿರುವ ರಾಯದುರ್ಗಕ್ಕೆ ಕಳಿಸುವಂತಿಲ್ಲ. ಅದು ಆಂಧ್ರ. ಗಡಿಯ ತಾಲ್ಲೂಕುಗಳವರು ಇದನ್ನು ಚೆನ್ನಾಗಿ ನೆನಪಿಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಮಾಲು ಓಡುತ್ತದೋ ಇಲ್ಲವೋ ಅಂತ ನೋಡುವವರಿಗೆ ಈ ದಾರಿ ಚೆನ್ನ. ಮೊಳಕಾಲ್ಮೂರು ಸೀರೆ, ಕಂಬಳಿಯಂಥ ಮಾಲಿಗೆ ಗಿರಾಕಿ ಹೊರರಾಜ್ಯದಲ್ಲೂ ಇರುತ್ತಾರೆ. ಅಂಥವರು ನೇರವಾಗಿ ಪೂರ್ತಿ ನೋಂದಣಿಗೇ ಹೋಗುವುದು ವಾಸಿ.

ನಡುವೆ ಇನ್ನೊಂದು ದಾರಿಯಿದೆ, ಕಾಂಪೋಸಿಷನ್. ಒಂದೂವರೆ ಕೋಟಿ ವಹಿವಾಟಿನವರೆಗೆ ಮಾರಾಟದ ಮೇಲೆ ನೂರಕ್ಕೆ 1 ರೂಪಾಯಿ ಕಟ್ಟಿ ಕೈ ತೊಳೆದುಕೊಳ್ಳಬಹುದು. ಈ ವ್ಯಾಪಾರಿಗಳಿಗೂ ಅದೇ 2023ರಿಂದ ಆನ್‌ಲೈನ್ ಬಾಗಿಲು ತೆರೆದಿದೆ, ಅದೂ ರಾಜ್ಯದೊಳಗೆ ಮಾತ್ರ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದೂ ಇಲ್ಲ.

ಕೇವಲ ತೆರಿಗೆ ಇಲ್ಲದ ಮಾಲು ಮಾರುವವರಿಗೆ, ಅಂದರೆ ಮುದ್ರಿತ ಪುಸ್ತಕ, ಗಾಜಿನ ಬಳೆ, ಕುಂಕುಮದಂಥವುಗಳಿಗೆ ಕಾಯ್ದೆ ಪ್ರಕಾರ ನೋಂದಣಿ ಬೇಡ. ಆದರೆ ಕೆಲವು ಆನ್‌ಲೈನ್ ಮಾರುಕಟ್ಟೆಗಳು ನಂಬರ್ ಇಲ್ಲದೆ ಖಾತೆಯನ್ನೇ ತೆರೆಯುವುದಿಲ್ಲ. ಖಾತೆ ತೆರೆಯುವ ಕಡೆ ಮೊದಲು ವಿಚಾರಿಸಿ.

ಇಲ್ಲಿ ಮಂಡಕ್ಕಿಯದ್ದೊಂದು ತಮಾಷೆ ಇದೆ. ಭಟ್ಟಿಯಿಂದ ಬರುವ ಬಿಡಿ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ಅದೇ ಮಂಡಕ್ಕಿಯನ್ನು ತೂಕ ಹಾಕಿ, ಪೊಟ್ಟಣ ಕಟ್ಟಿ, ಲೇಬಲ್ ಅಂಟಿಸಿದ ಕೂಡಲೇ 5 ಪರ್ಸೆಂಟ್ ಬೀಳುತ್ತದೆ. 2022ರ ಜುಲೈ 18ರಿಂದ ಹೀಗೆ. ಆನ್‌ಲೈನ್‌ನಲ್ಲಿ ಬಿಡಿ ಮಾಲು ಅಂತ ಕಳಿಸುವುದಕ್ಕಾಗುವುದಿಲ್ಲ. ಅಲ್ಲಿ ಹೋಗುವುದೆಲ್ಲ ಪೊಟ್ಟಣವೇ. ಹಾಗಾಗಿ "ನಮ್ಮದು ಮಂಡಕ್ಕಿ, ತೆರಿಗೆ ಇಲ್ಲ" ಅಂದುಕೊಂಡು ಬೆಲೆ ಇಡಬೇಡಿ. ಖಾರ, ಮಿಕ್ಸ್ಚರ್‌ಗಳಿಗೆ 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ.

ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. ಪೋರ್ಟಲ್‌ನಲ್ಲಿ ಪ್ಯಾನ್, ಆಧಾರ್ ದೃಢೀಕರಣ, ಫೋಟೋ, ಜಾಗದ ದಾಖಲೆ ಕೊಟ್ಟು, ಮಾರುವ ಮಾಲಿನ ಎಚ್‌ಎಸ್‌ಎನ್ ಕೋಡ್, ಅಂದರೆ ಮಾಲಿನ ಬಗೆ ಗುರುತಿಸುವ ಸಂಖ್ಯೆ ತುಂಬಿ. ಮಂಡಕ್ಕಿಗೆ 1904, ಶೇಂಗಾ ಎಣ್ಣೆಗೆ 1508, ಕಂಬಳಿಗೆ 6301. ಕೆಲವರನ್ನು ಬೆರಳಚ್ಚು ಕೊಡಲು ಕೇಂದ್ರಕ್ಕೆ ಕರೆಯುತ್ತಾರೆ, ಕೆಲವರ ಜಾಗ ನೋಡಲು ಅಧಿಕಾರಿ ಬರುತ್ತಾರೆ. ಜಾಗ ನೋಡಲು ಬಂದಾಗ ಅಲ್ಲಿ ಮಾಲು ಕಾಣಬೇಕು, ನೀವೂ ಇರಬೇಕು. ಸ್ಪಷ್ಟೀಕರಣ ಕೇಳಿ ನೋಟಿಸ್ ಬಂದರೆ 7 ಕೆಲಸದ ದಿನಗಳ ಒಳಗೆ ಉತ್ತರಿಸಿ, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ನಂಬರ್ ಬಂದ 30 ದಿನದೊಳಗೆ ಬ್ಯಾಂಕ್ ಖಾತೆಯ ವಿವರ ಸೇರಿಸಿ. ಇದನ್ನು ಮರೆತು ನೋಂದಣಿ ಅಮಾನತು ಮಾಡಿಸಿಕೊಂಡವರು ತುಂಬಾ ಜನ. ಸರ್ಟಿಫಿಕೇಟನ್ನು ವ್ಯಾಪಾರದ ಜಾಗದಲ್ಲಿ ಕಾಣುವಂತೆ ಹಾಕಿ. ಬೋರ್ಡ್ ಮೇಲೆ ಜಿಎಸ್‌ಟಿ ನಂಬರ್ ಬರೆಸಿ.

ಮೂರನೇ ಕೆಲಸ: ಊರಿನ ಕಾಗದಗಳು

ಉದ್ಯಮ್, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಕಡ್ಡಾಯವಲ್ಲ, ಆದರೂ ಮಾಡಿಸಿ. ಆಧಾರ್ ಇದ್ದರೆ ನಿಮಿಷಗಳ ಕೆಲಸ, ಪೂರ್ತಿ ಉಚಿತ. ಸರ್ಕಾರದ್ದೇ ಅನ್ನಿಸುವಂಥ ಹೆಸರಿಟ್ಟುಕೊಂಡು ಸಾವಿರಾರು ರೂಪಾಯಿ ಕೇಳುವ ವೆಬ್‌ಸೈಟ್‌ಗಳಿವೆ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ ಅಂತ ನೋಡಿಕೊಂಡೇ ಮುಂದುವರಿಯಿರಿ. ಬ್ಯಾಂಕ್ ಸಾಲಕ್ಕೆ ಇದು ಬೇಕಾಗುತ್ತದೆ. ಟ್ರೇಡ್‌ಮಾರ್ಕ್ ಶುಲ್ಕವೂ ಇದರಿಂದ ಅರ್ಧಕ್ಕೆ ಇಳಿಯುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಅಂಗಡಿ, ಗೋಡೌನ್ ಅಥವಾ ತಯಾರಿಕೆಯ ಜಾಗ ಇದ್ದರೆ ಉದ್ದಿಮೆ ಪರವಾನಗಿ, ಅಂದರೆ ಟ್ರೇಡ್ ಲೈಸೆನ್ಸ್ ಬೇಕು. ದಾವಣಗೆರೆ ನಗರದವರಿಗೆ ಮಹಾನಗರ ಪಾಲಿಕೆ, ಬೇರೆ ಪಟ್ಟಣಗಳವರಿಗೆ ಅಲ್ಲಿನ ನಗರಸಭೆ ಅಥವಾ ಪುರಸಭೆ, ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ. ನಗರಗಳಲ್ಲಿ ಇದರ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಹೊಸದಾಗಿ ಮಾಡಿಸಿ ಏಪ್ರಿಲ್‌ನಲ್ಲಿ ಮತ್ತೆ ದುಡ್ಡು ಕಟ್ಟುವ ಬದಲು, ಅರ್ಜಿ ಹಾಕುವಾಗಲೇ ಮುಂದಿನ ವರ್ಷಕ್ಕೂ ಸೇರಿಸಿ ಕೊಡುತ್ತಾರಾ ಅಂತ ಕೇಳಿ ನೋಡಿ. ಆಳುಗಳನ್ನು ಇಟ್ಟುಕೊಂಡು ಅಂಗಡಿ ನಡೆಸಿದರೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅಡಿ ನೋಂದಣಿ. ಶುರು ಮಾಡಿದ 30 ದಿನದೊಳಗೆ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಆಗುತ್ತದೆ, 5 ವರ್ಷ ನಡೆಯುತ್ತದೆ. ವೃತ್ತಿ ತೆರಿಗೆಯನ್ನೂ ಅಕೌಂಟೆಂಟ್ ಹತ್ತಿರ ಕೇಳಿ ತಿಳಿದುಕೊಳ್ಳಿ. ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ಹಾಕುವಂತಿಲ್ಲ ಅಂತ ಸಂವಿಧಾನದ 276ನೇ ವಿಧಿಯೇ ಹೇಳುತ್ತದೆ.

ನಾಲ್ಕನೇ ಕೆಲಸ: ತಿನ್ನುವ ಮಾಲಾದರೆ ಎಫ್‌ಎಸ್‌ಎಸ್‌ಎಐ

ಮಂಡಕ್ಕಿ, ಚಟ್ನಿಪುಡಿ, ಗಾಣದ ಎಣ್ಣೆ, ರೊಟ್ಟಿ, ಉಪ್ಪಿನಕಾಯಿ, ಜೇನು ಯಾವುದೇ ಇರಲಿ, ಮನೆ ಅಡುಗೆಮನೆಯಲ್ಲಿ ಮಾಡಿದ್ದೇ ಇರಲಿ, ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ಪ್ರಾಧಿಕಾರದ ನಂಬರ್ ಇಲ್ಲದೆ ಮಾರುವಂತಿಲ್ಲ. ಇದು ಇಲ್ಲದೆ ಆನ್‌ಲೈನ್ ಮಾರುಕಟ್ಟೆಗಳು ಒಳಗೆ ಬಿಡುವುದೂ ಇಲ್ಲ. ವಹಿವಾಟು ಸಣ್ಣದಾದರೆ ನೋಂದಣಿ, ದೊಡ್ಡದಾದರೆ ಪರವಾನಗಿ. 2011ರ ನಿಯಮಗಳು ಈ ಗೆರೆಯನ್ನು ವರ್ಷಕ್ಕೆ 12 ಲಕ್ಷ ರೂಪಾಯಿಗೆ ಎಳೆದಿದ್ದವು. ಮಿತಿ ಮತ್ತು ಶುಲ್ಕ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಎಫ್‌ಎಸ್‌ಎಸ್‌ಎಐನ ಫೋಸ್ಕೋಸ್ ಪೋರ್ಟಲ್‌ನಲ್ಲಿ ಏನಿದೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಅರ್ಜಿಯಲ್ಲಿ ಎಡವುವ ಜಾಗ "ವ್ಯಾಪಾರದ ಬಗೆ". ನೀವೇ ಭಟ್ಟಿ ನಡೆಸಿದರೆ ತಯಾರಕರು. ಬೇರೆಯವರ ಭಟ್ಟಿಯಿಂದ ಮೂಟೆ ತಂದು ನಿಮ್ಮ ಹೆಸರಿನ ಪೊಟ್ಟಣಕ್ಕೆ ತುಂಬಿದರೆ ನೀವು ರೀಪ್ಯಾಕರ್. ಬೇರೆಯವರು ಪ್ಯಾಕ್ ಮಾಡಿದ್ದನ್ನು ಹಾಗೇ ಮಾರಿದರೆ ಚಿಲ್ಲರೆ ವ್ಯಾಪಾರಿ. ಸುಲಭವಾಗುತ್ತದೆ ಅಂತ ಚಿಲ್ಲರೆ ವ್ಯಾಪಾರಿ ಅಂತ ನೋಂದಣಿ ಮಾಡಿಸಿ, ಪೊಟ್ಟಣದ ಮೇಲೆ ಸ್ವಂತ ಬ್ರ್ಯಾಂಡ್ ಅಚ್ಚು ಹಾಕಿಸುವವರಿದ್ದಾರೆ. ತಪಾಸಣೆಗೆ ಬಂದವರು ಮೊದಲು ಹಿಡಿಯುವುದು ಇದನ್ನೇ. ಇನ್ನೊಂದು ಮಾತು: ಮೂಟೆ ಕೊಡುವ ಭಟ್ಟಿಯವರ ಹತ್ತಿರವೂ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಇಲ್ಲದಿದ್ದರೆ ಅವರಿಗೂ ಮಾಡಿಸಿಕೊಡಿ. ಮುಂದೆ ಮಾಲಿನಲ್ಲಿ ಕಲ್ಲು ಸಿಕ್ಕಿತು ಅಂತ ದೂರು ಬಂದಾಗ, ಎಲ್ಲಿಂದ ಬಂದ ಮಾಲು ಅಂತ ತೋರಿಸಲು ಇರುವುದು ಅವರ ನಂಬರ್ ಇರುವ ಬಿಲ್ ಒಂದೇ.

ಎಣ್ಣೆಯವರಿಗೆ ಒಂದು ಎಚ್ಚರಿಕೆ. ಖಾದ್ಯ ತೈಲವನ್ನು ಬಿಡಿಯಾಗಿ ಮಾರುವುದಕ್ಕೆ ಆಹಾರ ಸುರಕ್ಷತೆ ನಿಯಮಗಳು ಬಿಡುವುದಿಲ್ಲ. ಗಾಣದ ಎಣ್ಣೆಯನ್ನು ಹಳೇ ನೀರಿನ ಬಾಟಲಿಗೆ ತುಂಬಿ ಕೊಡುವುದು ಊರಲ್ಲಿ ನಡೆಯಬಹುದು, ಪಾರ್ಸೆಲ್‌ನಲ್ಲಿ ನಡೆಯುವುದಿಲ್ಲ. ಮುಚ್ಚಳಕ್ಕೆ ಸೀಲ್, ಮೇಲೆ ಲೇಬಲ್ ಇರಲೇಬೇಕು.

ಐದನೇ ಕೆಲಸ: ತೂಕ ಮತ್ತು ಲೇಬಲ್

ಜಿಎಸ್‌ಟಿಗೆ ಎಲ್ಲರೂ ಹೆದರುತ್ತಾರೆ, ಆದರೆ ದಂಡ ಬೀಳುವುದು ಲೇಬಲ್‌ನಿಂದ. ಮಾಲನ್ನು ಪೊಟ್ಟಣ ಮಾಡಿ ಮಾರುವವರು, ಶುರು ಮಾಡಿದ 90 ದಿನದೊಳಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಪ್ಯಾಕರ್ ಅಂತ ನೋಂದಣಿ ಮಾಡಿಸಿಕೊಳ್ಳಬೇಕು. ಶುಲ್ಕ 500 ರೂಪಾಯಿ. ತೂಕದ ಯಂತ್ರ ಎಲೆಕ್ಟ್ರಾನಿಕ್ ಆಗಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಸೀಲ್ ಹಾಕಿಸಿಕೊಳ್ಳಿ. ಇದು ತಿನ್ನುವ ಮಾಲಿಗೆ ಮಾತ್ರ ಅಂದುಕೊಳ್ಳಬೇಡಿ, ಊದುಬತ್ತಿ ಪ್ಯಾಕ್ ಮಾಡಿದರೂ ಇದೇ ನಿಯಮ.

ಒಂದು ಪೊಟ್ಟಣವನ್ನೇ ಕೈಗೆತ್ತಿಕೊಳ್ಳೋಣ. 200 ಗ್ರಾಂ ಖಾರ ಮಂಡಕ್ಕಿ, ಎಂಆರ್‌ಪಿ 60 ರೂಪಾಯಿ. ಮುಂದಿನ ಮುಖದಲ್ಲಿ ಬ್ರ್ಯಾಂಡ್ ಹೆಸರು, ಅದರ ಕೆಳಗೆ ಇದು ಏನು ಅನ್ನುವ ಸಾಮಾನ್ಯ ಹೆಸರು, ಹಸಿರು ಚೌಕದೊಳಗೆ ಹಸಿರು ಚುಕ್ಕೆ, ನಿವ್ವಳ ತೂಕ. ಹಿಂದೆ ಪದಾರ್ಥಗಳ ಪಟ್ಟಿ, ಜಾಸ್ತಿ ಇರುವುದು ಮೊದಲು: ಮಂಡಕ್ಕಿ, ಎಣ್ಣೆ, ಶೇಂಗಾ, ಪುಟಾಣಿ, ಉಪ್ಪು, ಖಾರದಪುಡಿ. ಶೇಂಗಾ ಇದೆಯಲ್ಲ, ಅದನ್ನು ಅಲರ್ಜಿ ಎಚ್ಚರಿಕೆಯಾಗಿ ಪ್ರತ್ಯೇಕವಾಗಿ ಬರೆಯಬೇಕು. ಪೌಷ್ಟಿಕಾಂಶದ ಕೋಷ್ಟಕ, ಬ್ಯಾಚ್ ನಂಬರ್, ತಯಾರಿಸಿದ ದಿನ, ಯಾವ ದಿನದೊಳಗೆ ತಿನ್ನಬೇಕು ಅನ್ನುವುದು, ತಯಾರಕರ ಮತ್ತು ಪ್ಯಾಕ್ ಮಾಡಿದವರ ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಲೋಗೋ ಜೊತೆ 14 ಅಂಕಿಯ ನಂಬರ್, ದೂರಿಗೆ ಫೋನ್ ಮತ್ತು ಇಮೇಲ್. ಎಂಆರ್‌ಪಿ ಪಕ್ಕದಲ್ಲಿ "ಎಲ್ಲ ತೆರಿಗೆ ಸೇರಿ" ಅಂತ ಇರಬೇಕು. ಜೊತೆಗೆ ಬಿಡಿ ಅಳತೆಯ ಬೆಲೆಯೂ ಬೇಕು. ಒಂದು ಕೆಜಿಗಿಂತ ಕಮ್ಮಿ ಇದ್ದರೆ ಗ್ರಾಂ ಲೆಕ್ಕ, ಅಂದರೆ ಇಲ್ಲಿ ಗ್ರಾಂಗೆ 30 ಪೈಸೆ. ಇದನ್ನು ಬಿಡುವವರೇ ಜಾಸ್ತಿ.

ಈ ವಿವರಗಳನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು ಅಂತ ಪೊಟ್ಟಣ ಸರಕು ನಿಯಮ ಹೇಳುತ್ತದೆ, ಜೊತೆಗೆ ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ. ಕರ್ನಾಟಕದಲ್ಲಿ ತಯಾರಾದ ಮಾಲಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಎರಡೂ ಹಾಕಿಸಿ. ಪೊಟ್ಟಣದ ಮೇಲಿರುವ ವಿವರಗಳು, ದಿನಾಂಕ ಬಿಟ್ಟು, ಆನ್‌ಲೈನ್ ಪುಟದಲ್ಲೂ ಕಾಣಬೇಕು. ಪುಟದಲ್ಲಿ ತುಂಬುವವರು ನೀವು, ತಪ್ಪಾದರೆ ಹೊಣೆಯೂ ನಿಮ್ಮದೇ.

ಸಾವಿರಾರು ಕವರ್ ಅಚ್ಚು ಹಾಕಿಸುವ ಮೊದಲು ಸ್ಟಿಕ್ಕರ್‌ನಲ್ಲಿ ಕೆಲಸ ನಡೆಸಿ. ನಂಬರ್ ಬದಲಾದರೂ, ವಿಳಾಸ ಬದಲಾದರೂ ಕವರ್ ದಂಡವಾಗುವುದಿಲ್ಲ.

ಇನ್ನು ಬಾಳಿಕೆಯ ವಿಷಯ. ಆಹಾರ ಗಿರಾಕಿ ಕೈ ಸೇರುವಾಗ ಅದರ ಆಯಸ್ಸಿನಲ್ಲಿ 30 ಪರ್ಸೆಂಟ್ ಅಥವಾ 45 ದಿನ ಉಳಿದಿರಬೇಕು ಅನ್ನುವುದು ಆನ್‌ಲೈನ್ ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ಕೊಟ್ಟಿರುವ ಸೂಚನೆ. ಎಣ್ಣೆ ಹಾಕಿದ ಮಂಡಕ್ಕಿ ಬೇಗ ಕಮಟು ಹಿಡಿಯುತ್ತದೆ. ಹಾಗಾಗಿ ಆರ್ಡರ್ ನೋಡಿಕೊಂಡು ಹುರಿಯಿರಿ, ಹುರಿದಿಟ್ಟು ಆರ್ಡರ್‌ಗೆ ಕಾಯಬೇಡಿ.

ಆರನೇ ಕೆಲಸ: ಬೇರೆ ಮಾಲಿನ ಬೇರೆ ಕಾಗದ

ಸೀರೆ, ಕಂಬಳಿಗೆ ಆಹಾರದಷ್ಟು ರಗಳೆ ಇಲ್ಲ. ಆದರೆ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕ, ಅಂದರೆ ಜಿಐ ರಕ್ಷಣೆ ಇದೆ. ಬೇರೆ ಕಡೆಯ ಪವರ್‌ಲೂಮ್ ಸೀರೆಗೆ ಆ ಹೆಸರು ಅಂಟಿಸಿ ಮಾರುವುದು ಜೈಲು ಶಿಕ್ಷೆ ಇರುವ ಅಪರಾಧ. ನೇಕಾರರು ತಾವೇ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. ಅವರಿಂದ ಕೊಂಡು ಮಾರುವವರು ಪ್ರತಿ ಸೀರೆಗೂ ಬಿಲ್ ಇಟ್ಟುಕೊಳ್ಳಿ. ರೇಷ್ಮೆ ಅಸಲಿ ಅಂತ ತೋರಿಸಲು ಸಿಲ್ಕ್ ಮಾರ್ಕ್, ಕೈಮಗ್ಗ ಅಂತ ತೋರಿಸಲು ಹ್ಯಾಂಡ್‌ಲೂಮ್ ಮಾರ್ಕ್ ಇವೆ. ಕಡ್ಡಾಯವಲ್ಲ, ಆದರೆ ಸೀರೆಯನ್ನು ಮುಟ್ಟಿ ನೋಡಲಾಗದ ಗಿರಾಕಿಗೆ ಆ ಚೀಟಿಯೇ ಭರವಸೆ.

ಮನೆಯಲ್ಲಿ ಮಾಡಿದ ಸೋಪು, ತಲೆಗೆ ಹಚ್ಚುವ ಎಣ್ಣೆ ಮಾರುವವರು ಇದನ್ನು ಗೃಹ ಕೈಗಾರಿಕೆ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ಅವು ಸೌಂದರ್ಯವರ್ಧಕದ ಲೆಕ್ಕಕ್ಕೆ ಬಂದರೆ ಔಷಧ ನಿಯಂತ್ರಣ ಇಲಾಖೆಯ ತಯಾರಿಕಾ ಪರವಾನಗಿ ಬೇಕು. ಪರವಾನಗಿ ಇರುವ ಘಟಕದಲ್ಲಿ ಮಾಡಿಸಿ ನಿಮ್ಮ ಹೆಸರಿನಲ್ಲಿ ಮಾರುವುದು ಹಗುರವಾದ ದಾರಿ. ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಪಟಾಕಿಯ ಆಸೆ ಬಿಡಿ, ಅದರ ಆನ್‌ಲೈನ್ ಮಾರಾಟವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ.

ಬ್ರ್ಯಾಂಡ್ ಹೆಸರು ಇಟ್ಟರೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿಬಿಡಿ. ಮಾಲಿನ ಒಂದು ವರ್ಗಕ್ಕೆ ಆನ್‌ಲೈನ್ ಶುಲ್ಕ 9,000 ರೂಪಾಯಿ. ಸ್ವಂತ ಹೆಸರಿನಲ್ಲಿ ಅರ್ಜಿ ಹಾಕುವ ವ್ಯಕ್ತಿಗೆ, ಉದ್ಯಮ್ ಇರುವ ಸಣ್ಣ ಸಂಸ್ಥೆಗೆ 4,500. ಮಂಡಕ್ಕಿ 30ನೇ ವರ್ಗ, ಅಡುಗೆ ಎಣ್ಣೆ 29. ಅರ್ಜಿ ಹಾಕಿದ ಮೇಲೆ ಟಿಎಂ ಅಂತ ಬರೆಯಬಹುದು, ವೃತ್ತದೊಳಗಿನ ಆರ್ ಮಾತ್ರ ನೋಂದಣಿ ಆದ ಮೇಲೆಯೇ. "ದಾವಣಗೆರೆ ಮಂಡಕ್ಕಿ" ಅಂತಲೇ ಬ್ರ್ಯಾಂಡ್ ಹೆಸರಿಟ್ಟು ಅರ್ಜಿ ಹಾಕಿದರೆ ಆಕ್ಷೇಪ ಬರುವುದು ಖಂಡಿತ. ಊರು ಮತ್ತು ಮಾಲಿನ ಹೆಸರನ್ನು ಒಬ್ಬರೇ ಕಟ್ಟಿಕೊಂಡು ಹೋಗಲಾಗದು.

ಏಳನೇ ಕೆಲಸ: ಖಾತೆ ತೆರೆದ ಮೇಲೆ

ಮಾರಾಟದ ದುಡ್ಡು ಕೈಗೆ ಬರುವಾಗ ಕಮಿಷನ್ ಅಲ್ಲದೆ ಇನ್ನೆರಡು ಕಡಿತ ಇರುತ್ತವೆ, ಎರಡೂ ಮಾರುಕಟ್ಟೆಯವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಜಿಎಸ್‌ಟಿಯ ಟಿಸಿಎಸ್ ಅರ್ಧ ಪರ್ಸೆಂಟ್, 2024ರ ಜುಲೈ 10ಕ್ಕೆ ಮೊದಲು 1 ಇತ್ತು. ಆದಾಯ ತೆರಿಗೆಯ ಟಿಡಿಎಸ್ 0.1 ಪರ್ಸೆಂಟ್. ಎರಡೂ ನಿಮ್ಮದೇ ದುಡ್ಡು. ಮೊದಲನೆಯದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ಅದೇ ಪೋರ್ಟಲ್‌ನಲ್ಲಿರುವ ನಿಮ್ಮ ನಗದು ಖಾತೆಗೆ ಬೀಳುತ್ತದೆ. ಒಪ್ಪಿಕೊಳ್ಳುವ ಗುಂಡಿ ಒತ್ತದೆ ಹಾಗೇ ಬಿಟ್ಟವರ ದುಡ್ಡು ಅಲ್ಲೇ ಕೂತಿರುತ್ತದೆ.

"ನಮ್ಮ ಗೋಡೌನ್‌ನಲ್ಲಿ ಮಾಲು ಇಡಿ, ಡೆಲಿವರಿ ಬೇಗ ಆಗುತ್ತದೆ" ಅಂತ ಮಾರುಕಟ್ಟೆಯವರು ಫೋನ್ ಮಾಡುತ್ತಾರೆ. ಒಪ್ಪುವ ಮೊದಲು ಲೆಕ್ಕ ಹಾಕಿ. ಗೋಡೌನ್ ಕರ್ನಾಟಕದಲ್ಲೇ ಇದ್ದರೆ ಅದನ್ನು ಜಿಎಸ್‌ಟಿಯಲ್ಲಿ ಹೆಚ್ಚುವರಿ ಜಾಗ ಅಂತ ಸೇರಿಸಬೇಕು. ಹೈದರಾಬಾದಿನಲ್ಲಿದ್ದರೆ ತೆಲಂಗಾಣದಲ್ಲೇ ಬೇರೆ ಜಿಎಸ್‌ಟಿ ನೋಂದಣಿ ಬೇಕು. ತಿನ್ನುವ ಮಾಲಾದರೆ ಆ ಜಾಗಕ್ಕೂ ಎಫ್‌ಎಸ್‌ಎಸ್‌ಎಐ ಬೇಕಾಗುತ್ತದೆ. ಶುರುವಿಗೆ ಮನೆಯಿಂದಲೇ ಪಾರ್ಸೆಲ್ ಎತ್ತಿಸಿಕೊಳ್ಳುವ ವ್ಯವಸ್ಥೆ ಸಾಕು.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಮಾರುಕಟ್ಟೆಗೆ ಮಾತ್ರ ಅಲ್ಲ, ನಿಮಗೂ ಅನ್ವಯ. ದೂರು ಬಂದ 48 ಗಂಟೆಯೊಳಗೆ "ತಲುಪಿತು" ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೂರು ನೋಡಿಕೊಳ್ಳುವವರು ಒಬ್ಬರು ಅಂತ ಹೆಸರಿಸಬೇಕು, ಮನೆಯವರೇ ಆದರೂ ಸರಿ. ಕೆಟ್ಟ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. ಅಕ್ಕತಂಗಿಯರ ಕೈಲಿ ಗಿರಾಕಿಗಳ ಹಾಗೆ ಹೊಗಳಿಕೆ ಬರೆಸುವುದನ್ನೂ ಈ ನಿಯಮ ತಡೆಯುತ್ತದೆ.

ಪೂರ್ತಿ ಜಿಎಸ್‌ಟಿ ನೋಂದಣಿ ಇದ್ದವರು ಮಾರಾಟ ಆಗಲಿ ಬಿಡಲಿ ರಿಟರ್ನ್ ಹಾಕಲೇಬೇಕು. 5 ಕೋಟಿಯವರೆಗೆ ಮೂರು ತಿಂಗಳಿಗೊಮ್ಮೆ ಹಾಕುವ ಸೌಲಭ್ಯ ಇದೆ, ಅದನ್ನು ಆರಿಸಿಕೊಳ್ಳಿ. ತೆರಿಗೆ ಇದ್ದರೆ ತಿಂಗಳಿಗೊಮ್ಮೆ ಕಟ್ಟುತ್ತಾ ಬರಬೇಕು. ಕರ್ನಾಟಕದವರಿಗೆ ಆ ಮೂರು ತಿಂಗಳ 3ಬಿ, ಅಂದರೆ ಕಟ್ಟಬೇಕಾದ ತೆರಿಗೆಯ ಲೆಕ್ಕ ಕೊಡುವ ರಿಟರ್ನ್‌ನ ಕೊನೆಯ ದಿನ ಮುಂದಿನ ತಿಂಗಳ 22. ತಡವಾದರೆ ದಿನಕ್ಕೆ 50 ರೂಪಾಯಿ, ಏನೂ ಮಾರಾಟ ಇಲ್ಲದ ರಿಟರ್ನ್‌ಗೆ ದಿನಕ್ಕೆ 20.

ಆರು ತಿಂಗಳು ನೋಡಿ ವ್ಯಾಪಾರ ಕುದುರಲಿಲ್ಲ ಅಂತ ನಿಲ್ಲಿಸುವವರೂ ಇರುತ್ತಾರೆ. ಆ್ಯಪ್ ಡಿಲೀಟ್ ಮಾಡಿದರೆ ಜಿಎಸ್‌ಟಿ ನಿಲ್ಲುವುದಿಲ್ಲ. ಪೋರ್ಟಲ್‌ನಲ್ಲಿ ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಸಲ್ಲಿಸಿ. ಉಳಿದ ದಾಸ್ತಾನಿನ ಮೇಲೆ ತೆರಿಗೆ ವಾಪಸ್ ಪಡೆದಿದ್ದರೆ ಅದನ್ನು ಅದರಲ್ಲೇ ಕಟ್ಟಬೇಕು. ಅರ್ಜಿ ಹಾಕುವ ದಿನ ಗೋಡೌನ್‌ನಲ್ಲಿ ಎಷ್ಟು ಮೂಟೆ, ಎಷ್ಟು ಕವರ್ ಇದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ, ಆ ರಿಟರ್ನ್‌ನಲ್ಲಿ ಕೇಳುವುದು ಅದನ್ನೇ.